ಚೀಲ ಬಿಚ್ಚುವ ಮುನ್ನ

(ಸಾಗರದಲ್ಲಿ ರೈತರು ಮತ್ತು ಕೃಷಿ ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ನಡೆದ ಪ್ರಶ್ನೋತ್ತರದ ಒಂದು ಭಾಗವನ್ನೂ ಉಳಿಸಿಕೊಂಡಿದ್ದೇನೆ.)

ಹಿರಿಯರಿಗೆ, ಕೃಷಿಕ ಬಂಧುಗಳಿಗೆ, ವಿದ್ಯಾರ್ಥಿಗಳಿಗೆ ನಮಸ್ಕಾರ.

ಮಲೆನಾಡಿನವರಾದ ನಾವು ಬೆಳೆಗೆ ರೋಗ ಬಂದರೆ ಮೊದಲು ಮಳೆಯನ್ನು ದೂರುತ್ತೇವೆ. ಅದರಲ್ಲಿ ತಪ್ಪೇನೂ ಇಲ್ಲ. ಅಡಿಕೆಯ ಕೊಳೆರೋಗ ಮಳೆಯ ಜೊತೆಗೇ ಬರುತ್ತದೆ. ಕೆನಡಾದಿಂದ ಮೈಸೂರು ಸಂಸ್ಥಾನಕ್ಕೆ ಬಂದ ಲೆಸ್ಲಿ ಕೋಲ್ಮನ್ ಅದನ್ನು ಇಲ್ಲಿಯೇ ಅಧ್ಯಯನ ಮಾಡಿ 1910ರಲ್ಲಿ ವರದಿ ಪ್ರಕಟಿಸಿದರು. ಮಳೆ ಹಿಡಿಯುವ ಮೊದಲು ಗೊನೆಗೆ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಯುವ ಪದ್ಧತಿ ಅಲ್ಲಿಂದ ಬೆಳೆದು ಬಂತು. ಮಳೆಯ ಜೊತೆ ಬರುವ ರೋಗವನ್ನು ಹೇಗೆ ಎದುರಿಸಬೇಕೆಂದು ನೂರು ವರ್ಷಕ್ಕೂ ಮೀರಿದ ಅನುಭವ ನಮಗಿದೆ.

ಇವತ್ತು ನಾನು ಹೇಳಬೇಕೆಂದಿರುವುದು ಬೇರೆ ಬಗೆಯ ರೋಗಗಳ ವಿಷಯ. ಇವು ಬರುವುದು ಬಿರುಬೇಸಿಗೆಯಲ್ಲಿ, ಲಾರಿಯ ಮೇಲೆ, ಚೀಲದೊಳಗೆ. ಬಿತ್ತನೆ ಶುಂಠಿಯಾಗಿ, ಭತ್ತದ ಬೀಜವಾಗಿ, ನರ್ಸರಿಯ ಸಸಿಯಾಗಿ, ಅಂಚೆಯಲ್ಲಿ ಬಂದ ತರಕಾರಿ ಬೀಜದ ಪೊಟ್ಟಣವಾಗಿ. ದುಡ್ಡು ಕೊಟ್ಟು ನಾವೇ ಮನೆಗೆ ತರುತ್ತೇವೆ. ಕೊಳೆತ ಬೀಜವನ್ನು, ಹುಳ ತಿಂದ ಬೀಜವನ್ನು ಯಾವ ರೈತನೂ ಬಿತ್ತುವುದಿಲ್ಲ, ಆರಿಸಿ ಬಿಸಾಡುತ್ತಾನೆ. ಹಾನಿ ಮಾಡುವುದು ಕಣ್ಣಿಗೆ ಚೆನ್ನಾಗಿ ಕಾಣುವ ಬೀಜ.

ನಮ್ಮ ಗದ್ದೆಯದೇ ಒಂದು ಉದಾಹರಣೆ ಕೊಡುತ್ತೇನೆ. ಭತ್ತದ ಊದುಬತ್ತಿ ರೋಗವನ್ನು ಇಲ್ಲಿ ಹಲವರು ನೋಡಿದ್ದೀರಿ. ಸಸಿ ಮಡಿಯಲ್ಲಿ ಏನೂ ಗೊತ್ತಾಗುವುದಿಲ್ಲ. ನಾಟಿಯಾಗುತ್ತದೆ, ಕಳೆ ಕೀಳುತ್ತೇವೆ, ಗೊಬ್ಬರ ಕೊಡುತ್ತೇವೆ, ತೆನೆ ಹೊರಡುವ ದಿನದವರೆಗೂ ಆ ಗಿಡ ಪಕ್ಕದ ಗಿಡಕ್ಕಿಂತ ಬೇರೆಯಾಗಿ ಕಾಣುವುದಿಲ್ಲ. ಹೊಡೆ ಬಿಚ್ಚಿದಾಗ ಮಾತ್ರ ತೆನೆಯ ಬದಲು ಒಂದು ನೆಟ್ಟನೆಯ ಬೂದು ಬಿಳುಪು ಕಡ್ಡಿ ಹೊರಗೆ ಬರುತ್ತದೆ. ಹೂವುಗಳೆಲ್ಲ ಶಿಲೀಂಧ್ರದ ಎಳೆಗಳಲ್ಲಿ ಅಂಟಿಕೊಂಡು ಒಂದೇ ಕಡ್ಡಿಯಾಗಿರುತ್ತವೆ. ಒಂದು ಕಾಳೂ ಸಿಗುವುದಿಲ್ಲ. ಆ ಶಿಲೀಂಧ್ರ ಆ ವಾರ ಬಂದದ್ದಲ್ಲ. ಬಿತ್ತಿದ ದಿನದಿಂದಲೂ, ಅದಕ್ಕೂ ಮೊದಲು ಕಣಜದಲ್ಲಿದ್ದಾಗಲೂ ಬೀಜದ ಒಳಗೇ ಇತ್ತು. ತೆನೆ ಕಂಡ ಮೇಲೆ ಔಷಧಿ ಅಂಗಡಿಗೆ ಓಡಿ ಪ್ರಯೋಜನವಿಲ್ಲ. ಇದಕ್ಕೆ ಹೇಳಿರುವ ಉಪಚಾರ ಬಿತ್ತುವ ಮೊದಲಿನದು: ಬೀಜವನ್ನು 54 ಡಿಗ್ರಿ ಸೆಲ್ಸಿಯಸ್ ಬಿಸಿ ನೀರಿನಲ್ಲಿ 10 ನಿಮಿಷ ಇಡುವುದು.

ಒಬ್ಬರ ಗದ್ದೆಯಲ್ಲಿ ಹೀಗಾದರೆ ಆ ವರ್ಷದ ಒಂದಿಷ್ಟು ಭತ್ತ ಹೋಯಿತು. ಇದೇ ಕತೆ ದೇಶದಿಂದ ದೇಶಕ್ಕೆ ನಡೆದರೆ ಏನಾಗುತ್ತದೆ ಎನ್ನುವುದನ್ನು 2016ರಲ್ಲಿ ಬಾಂಗ್ಲಾದೇಶ ನೋಡಿತು.

ಭತ್ತಕ್ಕೂ ರಾಗಿಗೂ ಬರುವ ಬೆಂಕಿ ರೋಗ ನಿಮಗೆ ಗೊತ್ತು. ಎಲೆಯ ಮೇಲೆ ಕದಿರಿನಾಕಾರದ ಚುಕ್ಕೆ, ಕೊನೆಗೆ ಕುತ್ತಿಗೆ ಮುರಿದು ಜೊಳ್ಳಾಗುವ ತೆನೆ. ಅದನ್ನು ತರುವ ಶಿಲೀಂಧ್ರದ ಹೆಸರು ಮ್ಯಾಗ್ನಪೋರ್ತೆ ಒರೈಜೆ. ಈ ಶಿಲೀಂಧ್ರದ ಒಂದು ಕವಲು 1985ರಲ್ಲಿ ಬ್ರೆಜಿಲ್ ದೇಶದಲ್ಲಿ ಗೋಧಿಯ ಮೇಲೆ ಕಾಣಿಸಿಕೊಂಡಿತು. ಮೂವತ್ತು ವರ್ಷ ದಕ್ಷಿಣ ಅಮೆರಿಕದಲ್ಲೇ ಇತ್ತು. 2016ರ ಫೆಬ್ರವರಿಯಲ್ಲಿ ಇದ್ದಕ್ಕಿದ್ದಂತೆ ಬಾಂಗ್ಲಾದೇಶದ ಗೋಧಿ ಹೊಲಗಳಲ್ಲಿ ತೆನೆಗಳು ಬಿಳಿಚಿಕೊಂಡು ಒಣಗತೊಡಗಿದವು. ಸುಮಾರು 15,000 ಹೆಕ್ಟೇರಿನ ಬೆಳೆಗೆ ರೋಗ ತಗಲಿತು.

ಆಗ ಎದ್ದ ಪ್ರಶ್ನೆ ಎಂತಹದು ನೋಡಿ. ಬಾಂಗ್ಲಾದೇಶದಲ್ಲಿ ಭತ್ತ ಬೇಕಾದಷ್ಟಿದೆ, ಭತ್ತದ ಬೆಂಕಿ ರೋಗವೂ ಇದೆ. ಅಲ್ಲಿನ ಭತ್ತದ ರೋಗವೇ ಗೋಧಿಗೆ ಹಾರಿತೇ? ಅಥವಾ ಸಮುದ್ರ ದಾಟಿ ಹೊಸದೊಂದು ಬಂತೇ? ಮೊದಲನೆಯದಾದರೆ ಮಾಡಬೇಕಾದ ಕೆಲಸ ಬೇರೆ, ಎರಡನೆಯದಾದರೆ ಬೇರೆ. ಸೂಕ್ಷ್ಮದರ್ಶಕ ಇಲ್ಲಿ ಏನನ್ನೂ ಹೇಳಲಾರದು. ಬೀಜಕಣ ಎಂದರೆ ಶಿಲೀಂಧ್ರ ಹರಡುವ ಸೂಕ್ಷ್ಮ ಕಣ. ಭತ್ತದಿಂದ ತೆಗೆದ ಬೀಜಕಣ, ರಾಗಿಯಿಂದ ತೆಗೆದ ಬೀಜಕಣ, ಗೋಧಿಯಿಂದ ತೆಗೆದ ಬೀಜಕಣ ಮೂರೂ ಒಂದೇ ತರಹ ಇರುತ್ತವೆ: ಮೂರು ಕೋಶದ, ಒಂದು ತುದಿ ಚೂಪಾದ, ಬಣ್ಣವಿಲ್ಲದ ಕಣ. ನಲವತ್ತು ವರ್ಷ ಸೂಕ್ಷ್ಮದರ್ಶಕ ನೋಡಿದವರ ಕಣ್ಣಿಗೂ ಅವು ಒಂದೇ. ರೋಗ ತಗಲಿದ ಗೋಧಿಯ ತೆನೆಗಳಿಂದ ವಂಶವಾಹಿಯನ್ನು ಓದಿ, ಆ ಮಾಹಿತಿಯನ್ನು ಜಗತ್ತಿನ ವಿಜ್ಞಾನಿಗಳೆಲ್ಲರ ಮುಂದೆ ತೆರೆದಿಟ್ಟಾಗ ಉತ್ತರ ಸಿಕ್ಕಿತು. ಅದು ದಕ್ಷಿಣ ಅಮೆರಿಕದ ಗೋಧಿ ಕವಲಿನದೇ ಶಿಲೀಂಧ್ರ. ಗಾಳಿ ಅಷ್ಟು ದೂರ ಹೊತ್ತು ತರಲಾರದು. ಕಾಳಿನ ಜೊತೆ ಹಡಗಿನಲ್ಲಿ ಬಂದಿರಬೇಕು ಎನ್ನುವುದು ಹೆಚ್ಚಿನವರು ಒಪ್ಪುವ ಊಹೆ.

ಅದರ ಪರಿಣಾಮ ನಮ್ಮ ದೇಶಕ್ಕೂ ತಟ್ಟಿತು. ಪಶ್ಚಿಮ ಬಂಗಾಳದ ನಾದಿಯಾ ಮತ್ತು ಮುರ್ಶಿದಾಬಾದ್ ಜಿಲ್ಲೆಗಳಲ್ಲಿ 2017ರಲ್ಲಿ ಸಂಶಯ ಬಂದ ಹೊಲಗಳ ಬೆಳೆಯನ್ನು ಸುಟ್ಟರು. ಆ ಜಿಲ್ಲೆಗಳಲ್ಲಿ ಗೋಧಿ ಬಿತ್ತನೆಯನ್ನೇ ನಿಲ್ಲಿಸಿದರು. ಹೊಲಕ್ಕೆ ಬೆಂಕಿ ಇಡುವುದನ್ನು ನಿಂತು ನೋಡಬೇಕಾದ ರೈತನ ಸ್ಥಿತಿಯನ್ನು ನಾನು ನಿಮಗೆ ವಿವರಿಸಬೇಕಾಗಿಲ್ಲ. ಬಂದರಿನಲ್ಲಿ ಆ ಕಾಳಿನ ರಾಶಿಯನ್ನು ಸರಿಯಾಗಿ ಪರೀಕ್ಷಿಸಿದ್ದರೆ ಇದಷ್ಟೂ ತಪ್ಪುತ್ತಿತ್ತೇನೋ. ಕ್ವಾರಂಟೈನ್ ಎಂದರೆ ಇದೇ ಕೆಲಸ. ನಮ್ಮಲ್ಲಿ ಅದಕ್ಕೆ 1914ರ ವಿನಾಶಕಾರಿ ಕೀಟ ಮತ್ತು ಪೀಡೆಗಳ ಕಾಯ್ದೆ ಇದೆ, ಅದರ ಅಡಿಯಲ್ಲಿ 2003ರ ಸಸ್ಯ ಕ್ವಾರಂಟೈನ್ ಆದೇಶ ಇದೆ, ಬಂದರು ಮತ್ತು ವಿಮಾನ ನಿಲ್ದಾಣಗಳಲ್ಲಿ ಕೇಂದ್ರಗಳಿವೆ. ಸಂಶೋಧನೆಗೆಂದು ಹೊರದೇಶದಿಂದ ಬರುವ ತಳಿಗಳನ್ನು ದೆಹಲಿಯ ರಾಷ್ಟ್ರೀಯ ಸಸ್ಯ ತಳಿ ಸಂಪನ್ಮೂಲ ಬ್ಯೂರೊ ಪರೀಕ್ಷಿಸಿ ಬಿಡುತ್ತದೆ.

ಪರೀಕ್ಷೆ ಹೇಗೆ ಮಾಡುತ್ತಾರೆ? ಹಳೆಯದರಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಹಳೆಯದನ್ನು ಕೀಳಾಗಿ ಕಾಣುವ ಅಭ್ಯಾಸ ಇತ್ತೀಚೆಗೆ ವಿದ್ಯಾರ್ಥಿಗಳಲ್ಲಿ ಬೆಳೆಯುತ್ತಿದೆ. ಅದು ನನಗೆ ಸರಿ ಕಾಣುವುದಿಲ್ಲ.

ಬ್ಲಾಟರ್ ವಿಧಾನ ಎಂದು ಒಂದಿದೆ. ಅಂಗೈ ಅಗಲದ ಮುಚ್ಚಳವಿರುವ ತಟ್ಟೆ. ಅದರಲ್ಲಿ ಮೂರು ಪದರ ಒತ್ತು ಕಾಗದ, ಶುದ್ಧ ನೀರಿನಲ್ಲಿ ನೆನೆಸಿ, ಹೆಚ್ಚಿನ ನೀರು ಬಸಿದು ಹಾಸಿರುತ್ತಾರೆ. ಅದರ ಮೇಲೆ ಚಿಮಟದಲ್ಲಿ ಒಂದೊಂದೇ ಬೀಜ ಎತ್ತಿ ಇಡಬೇಕು. ಹೊರ ಸುತ್ತಿನಲ್ಲಿ 16, ಒಳ ಸುತ್ತಿನಲ್ಲಿ 8, ನಡುವೆ ಒಂದು; ಒಟ್ಟು 25. ಹೀಗೆ 16 ತಟ್ಟೆಗಳು, 400 ಬೀಜಗಳು. ಸುಮಾರು 20 ಡಿಗ್ರಿಯ ಕೋಣೆಯಲ್ಲಿ, 12 ಗಂಟೆ ನೇರಳಾತೀತಕ್ಕೆ ಹತ್ತಿರದ ಬೆಳಕು, 12 ಗಂಟೆ ಕತ್ತಲೆ, ಏಳು ದಿನ. ಎಂಟನೆಯ ದಿನ ಮುಚ್ಚಳ ತೆಗೆದು ಬೀಜಗಳನ್ನು ಒಂದೊಂದಾಗಿ ಸೂಕ್ಷ್ಮದರ್ಶಕದ ಕೆಳಗೆ ತಿರುಗಿಸಿ ನೋಡಬೇಕು. ಒಂದು ಭತ್ತದ ಮೇಲೆ ಕಂದು ಬಣ್ಣದ ಬಾಗಿದ ಕಣಗಳು ಶಿಲೀಂಧ್ರದ ಸಣ್ಣ ಕಡ್ಡಿಗಳ ತುದಿಯಲ್ಲಿ ನಿಂತಿರುತ್ತವೆ. ಅದು ಕಂದು ಚುಕ್ಕೆ ರೋಗ. ಇನ್ನೊಂದರ ಮೇಲೆ ನಸುಗುಲಾಬಿ ಹತ್ತಿಯಂತಹ ಬೂಷ್ಟು, ಫ್ಯುಸೇರಿಯಂ ಎನ್ನುವ ಶಿಲೀಂಧ್ರ ಇರಬಹುದು. ಅಗ್ಗದ, ನಂಬಬಹುದಾದ, ತಾಳ್ಮೆ ಬೇಡುವ ವಿಧಾನ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಡೆನ್ಮಾರ್ಕಿನ ನೆರವಿನಿಂದ ಬೀಜ ರೋಗಶಾಸ್ತ್ರದ ಒಂದು ಪರಂಪರೆಯೇ ಬೆಳೆಯಿತು. ಇಂತಹ ತಟ್ಟೆಗಳ ಮುಂದೆ ಕುಳಿತು ಕಲಿತವರು ದೇಶದ ಎಲ್ಲ ಕಡೆ ಇದ್ದಾರೆ. ಈ ವಿಧಾನಕ್ಕೆ ಇನ್ನೊಂದು ಗುಣವಿದೆ. ಇಲ್ಲಿ ಕಾಣುವುದೆಲ್ಲ ಜೀವಂತ ಶಿಲೀಂಧ್ರ. ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆದರೆ ವೈರಸ್ ಕಾಗದದ ಮೇಲೆ ಬೆಳೆಯುವುದಿಲ್ಲ. ಶೃಂಗೇರಿ, ಕೊಪ್ಪದ ಕಡೆ ತೋಟ ತೋಟಗಳನ್ನೇ ಬರಿದು ಮಾಡಿದ ಅಡಿಕೆಯ ಹಳದಿ ಎಲೆ ರೋಗದ ಫೈಟೊಪ್ಲಾಸ್ಮಾ ಎನ್ನುವ ಅತಿ ಸೂಕ್ಷ್ಮ ರೋಗಾಣುವನ್ನು ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಿ ಗುರುತಿಸುವ ವಿಧಾನ ಇಲ್ಲ. ಅದು ಬೀಜದಿಂದ ಹರಡುತ್ತದೆ ಎಂದು ನಾನು ಹೇಳುತ್ತಿಲ್ಲ, ಕಣ್ಣಿಗೆ ಸಿಗದ ರೋಗಾಣುವಿಗೆ ಉದಾಹರಣೆಯಾಗಿ ಹೇಳಿದೆ. ಒಂದೇ ರೂಪದ ಎರಡು ಕವಲುಗಳನ್ನು ಬೇರ್ಪಡಿಸುವುದು ಬ್ಲಾಟರಿಗೆ ಆಗುವುದಿಲ್ಲ ಎನ್ನುವುದನ್ನು ಗೋಧಿಯ ಕತೆಯಲ್ಲೇ ನೋಡಿದೆವು. ಅಲ್ಲಿಂದ ಮುಂದೆ ಅಣು ಮಟ್ಟದ ಪರೀಕ್ಷೆ ಬೇಕು.

ಅಂತಹ ಪರೀಕ್ಷೆಗಳಲ್ಲಿ ಒಂದಾದ ಪಿಸಿಆರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೋವಿಡ್ ಕಾಲದಲ್ಲಿ ನಾವೆಲ್ಲರೂ ಮೂಗಿಗೆ ಕಡ್ಡಿ ಹಾಕಿಸಿಕೊಂಡವರೇ. 1983ರಲ್ಲಿ ಅಮೆರಿಕದ ಕ್ಯಾರಿ ಮುಲ್ಲಿಸ್ ಅವರಿಗೆ ಹೊಳೆದ ವಿಧಾನ, 1993ರಲ್ಲಿ ನೊಬೆಲ್ ಬಂತು. ಬೀಜವನ್ನು ಅರೆದು ಅದರಿಂದ ಡಿಎನ್‌ಎ ತೆಗೆಯುತ್ತೇವೆ. ಹುಡುಕುತ್ತಿರುವ ರೋಗಾಣುವಿನಲ್ಲಿ ಮಾತ್ರ ಇರುವ ಒಂದು ಭಾಗವನ್ನು ಆರಿಸಿ, ಅದರ ಎರಡು ಕೊನೆಗಳಿಗೆ ಕೂಡುವ ಚಿಕ್ಕ ತುಣುಕುಗಳನ್ನು ಹಾಕುತ್ತೇವೆ, ಇವು ಪ್ರೈಮರ್‌ಗಳು. 94 ಡಿಗ್ರಿಯಲ್ಲಿ ಎಳೆಗಳು ಬಿಡಿಸಿಕೊಳ್ಳುತ್ತವೆ, 55ರ ಆಸುಪಾಸಿನಲ್ಲಿ ಪ್ರೈಮರ್ ಕೂರುತ್ತದೆ, 72ರಲ್ಲಿ ಪ್ರತಿ ತಯಾರಾಗುತ್ತದೆ. ಪ್ರತಿ ಸುತ್ತಿಗೂ ಇಮ್ಮಡಿ. 30 ಸುತ್ತು ಮುಗಿಯುವಾಗ ಲೆಕ್ಕದ ಪ್ರಕಾರ ಒಂದು ತುಣುಕು 107 ಕೋಟಿಯಾಗಿರುತ್ತದೆ. ಬೀಜದಲ್ಲಿ ಆ ರೋಗಾಣು ಇಲ್ಲದಿದ್ದರೆ ಏನೂ ಬೆಳೆಯುವುದಿಲ್ಲ. ವೈರಸ್ಸಿನದು ಆರ್‌ಎನ್‌ಎ ಆಗಿದ್ದರೆ ಮೊದಲು ಅದನ್ನು ಡಿಎನ್‌ಎಗೆ ತಿರುಗಿಸಿಕೊಳ್ಳಬೇಕು, ಅಷ್ಟೇ ವ್ಯತ್ಯಾಸ. ವಾರದ ಕೆಲಸ ಒಂದು ದಿನದಲ್ಲಿ ಮುಗಿಯುತ್ತದೆ. ಒಂದು ಮಾತು ಮಾತ್ರ ಸೇರಿಸಬೇಕು: ಪ್ರೈಮರ್ ಸರಿಯಿದ್ದರೆ ಮಾತ್ರ ಫಲಿತಾಂಶ ಸರಿ. ಗೋಧಿಯ ಬೆಂಕಿ ರೋಗಕ್ಕೆ ಮೊದಲು ಆರಿಸಿಕೊಂಡ ಗುರುತಿನ ಡಿಎನ್‌ಎ ಭಾಗದ ಬಗ್ಗೆಯೇ ವಿಜ್ಞಾನಿಗಳಲ್ಲಿ ತಕರಾರು ಎದ್ದು, ಇಡೀ ವಂಶವಾಹಿಯನ್ನು ಜಾಲಾಡಿ ಹೊಸ ಗುರುತನ್ನು ಹುಡುಕಬೇಕಾಯಿತು.

ಈಗ ನನ್ನ ಮಾತಿನ ಮುಖ್ಯ ಭಾಗಕ್ಕೆ ಬರುತ್ತೇನೆ. ವಿದ್ಯಾರ್ಥಿಗಳು ಇದನ್ನು ಬರೆದುಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ. ಯಂತ್ರ ಎಷ್ಟೇ ಚುರುಕಾಗಿರಲಿ, ಅದು ಹೇಳುವುದು ಕೊಳವೆಯೊಳಗೆ ನೀವು ಹಾಕಿದ ಬೀಜದ ವಿಷಯವನ್ನು ಮಾತ್ರ. ಚೀಲದಲ್ಲಿ ಉಳಿದ ಬೀಜದ ವಿಷಯವನ್ನು ಹೇಳುವುದು ಗಣಿತ.

ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಸಾಕು ಎನ್ನುತ್ತಾರೆ. ಅನ್ನಕ್ಕೆ ಅದು ಸರಿ, ಪಾತ್ರೆಯ ಎಲ್ಲ ಅಗುಳುಗಳಿಗೂ ಒಂದೇ ಬೆಂಕಿ, ಒಂದೇ ನೀರು. ಬೀಜದ ರಾಶಿ ಹಾಗಲ್ಲ. ನೂರಾರು ಗಿಡಗಳಿಂದ, ಹಲವು ಹೊಲಗಳಿಂದ ಬಂದ ಕಾಳು ಒಟ್ಟಿಗೆ ಬಿದ್ದಿರುತ್ತದೆ. ರೋಗವಿರುವುದು ಯಾವುದೋ ಒಂದು ಮೂಲೆಯ ಬೆರಳೆಣಿಕೆಯ ಕಾಳುಗಳಲ್ಲಿ.

ಲೆಕ್ಕ ಹಾಕೋಣ. ರಾಶಿಯಲ್ಲಿ ನೂರಕ್ಕೆ ಒಂದು ಬೀಜಕ್ಕೆ ರೋಗವಿದೆ ಎಂದುಕೊಳ್ಳಿ. 400 ಬೀಜ ತೆಗೆದು ನೋಡಿದರೆ ಒಂದಾದರೂ ಸಿಕ್ಕೇ ಸಿಗುತ್ತದೆ. ತಪ್ಪಿಸಿಕೊಳ್ಳುವ ಸಾಧ್ಯತೆ ನೂರರಲ್ಲಿ ಎರಡಕ್ಕಿಂತ ಕಡಿಮೆ. ಈಗ ಸಾವಿರಕ್ಕೆ ಒಂದು ಬೀಜಕ್ಕೆ ಮಾತ್ರ ರೋಗವಿದೆ ಎಂದುಕೊಳ್ಳಿ. ಅದೇ 400 ಬೀಜ ನೋಡಿದರೆ ತಪ್ಪಿಸಿಕೊಳ್ಳುವ ಸಾಧ್ಯತೆ ನೂರರಲ್ಲಿ 67. ಮೂರು ಸಲ ನೋಡಿದರೆ ಎರಡು ಸಲ ‘ರೋಗವಿಲ್ಲ’ ಎಂದೇ ವರದಿ ಬರುತ್ತದೆ. ಪ್ರಯೋಗಾಲಯ ಸುಳ್ಳು ಹೇಳಿಲ್ಲ, ಯಂತ್ರ ಕೆಟ್ಟಿಲ್ಲ, ಆದರೂ ರೋಗ ಒಳಗೆ ಬಂತು. ಸಾವಿರಕ್ಕೊಂದನ್ನು ನೂರಕ್ಕೆ 95ರಷ್ಟು ಖಚಿತವಾಗಿ ಹಿಡಿಯಬೇಕಾದರೆ ಸುಮಾರು 3000 ಬೀಜ ಬೇಕು.

ಸಾವಿರಕ್ಕೊಂದು ಎಂದರೆ ತೀರಾ ಕಡಿಮೆಯಲ್ಲವೇ, ಅಷ್ಟು ಹಟ ಯಾಕೆ ಎಂದು ಕೇಳಬಹುದು. ಎಲೆಕೋಸಿನ ಕಪ್ಪು ಕೊಳೆ ರೋಗದಲ್ಲಿ 10,000 ಬೀಜಕ್ಕೆ ಮೂರು ರೋಗದ ಬೀಜವಿದ್ದರೂ ಹೊಲವಿಡೀ ಹರಡಬಲ್ಲದು ಎಂದು ಕಂಡುಕೊಂಡಿದ್ದಾರೆ. ಅದಕ್ಕೇ ಆ ಬೆಳೆಗೆ 30,000 ಬೀಜ ಪರೀಕ್ಷಿಸುವ ರೂಢಿ ಬಂತು. ಸಸಿ ಮಡಿಯಲ್ಲಿ ತುಂತುರು ನೀರು ಹಾಯಿಸಿದಾಗ ಒಂದು ಸಸಿಯಿಂದ ಸುತ್ತಲಿನ ಸಸಿಗಳಿಗೆ ಈ ರೋಗದ ದುಂಡಾಣು, ಅಂದರೆ ಬ್ಯಾಕ್ಟೀರಿಯಾ, ಸಿಡಿಯುತ್ತದೆ. ತುಂತುರು ನೀರಿನಿಂದಲೇ ಹೀಗಾಗುವುದಾದರೆ ನಮ್ಮ ಜುಲೈ ತಿಂಗಳ ಮಳೆಯಲ್ಲಿ ಏನಾಗಬಹುದೆಂದು ಯೋಚಿಸಿ.

ಅಣು ಪರೀಕ್ಷೆಯ ನಿಜವಾದ ಉಪಕಾರ ಇಲ್ಲಿದೆ. 3000 ಬೀಜಗಳನ್ನು ಒಂದೊಂದಾಗಿ ತಿರುಗಿಸಿ ನೋಡಲು ಯಾರಿಂದಲೂ ಆಗುವುದಿಲ್ಲ. ಆದರೆ 250ರಂತೆ 12 ಗುಂಪು ಮಾಡಿ, ಗುಂಪನ್ನೇ ಅರೆದು, ಪ್ರತಿ ಗುಂಪಿಗೆ ಒಂದು ಪಿಸಿಆರ್ ಮಾಡಬಹುದು. 250 ಬೀಜಗಳಲ್ಲಿ ಒಂದರಲ್ಲಿದ್ದರೂ ಸಿಗುತ್ತದೆ. ಟೊಮೆಟೊ ಹಣ್ಣನ್ನು ಕಂದಾಗಿ ಸುಕ್ಕುಗಟ್ಟಿಸುವ ಒಂದು ಹೊಸ ವೈರಸ್ 2014–15ರಲ್ಲಿ ಇಸ್ರೇಲ್, ಜೋರ್ಡಾನ್ ಕಡೆ ಕಾಣಿಸಿಕೊಂಡು ಈಗ ಹಲವು ದೇಶಗಳಿಗೆ ಹರಡಿದೆ. ಅದಕ್ಕೆ ಟೊಮೆಟೊ, ಮೆಣಸಿನ ಬೀಜವನ್ನು ಹೀಗೆಯೇ 3000ದ ಲೆಕ್ಕದಲ್ಲಿ ಪರೀಕ್ಷಿಸುತ್ತಾರೆ. ಇದು ನಮಗೆ ದೂರದ ಸಂಗತಿಯಲ್ಲ. ಶಿಕಾರಿಪುರದಿಂದ ಅತ್ತ ರಾಣೆಬೆನ್ನೂರಿನ ಕಡೆ ಹೋದರೆ ಹಳ್ಳಿ ಹಳ್ಳಿಗಳಲ್ಲಿ ಹೆಣ್ಣುಮಕ್ಕಳು ಚಿಮಟ ಹಿಡಿದು ಟೊಮೆಟೊ, ಮೆಣಸಿನ ಹೂವಿನ ಕೇಸರ ಬಿಡಿಸಿ ಕೈಯಿಂದ ಪರಾಗಸ್ಪರ್ಶ ಮಾಡುತ್ತಾರೆ. ಆ ಹೈಬ್ರಿಡ್ ಬೀಜ ಹೊರದೇಶಗಳಿಗೂ ಹೋಗುತ್ತದೆ. ಈ ಜಾತಿಯ ವೈರಸ್ ಹರಡುವುದೇ ಕೈಯಿಂದ, ಚಿಮಟದಿಂದ. ಒಂದು ರವಾನೆಯಲ್ಲಿ ರೋಗ ಸಿಕ್ಕಿದರೆ ಆ ಹೆಣ್ಣುಮಕ್ಕಳ ಒಂದು ಋತುವಿನ ದುಡಿಮೆ ಬಂದರಿನಲ್ಲೇ ನಿಲ್ಲುತ್ತದೆ. ಕ್ವಾರಂಟೈನ್ ಎಂದರೆ ಹೊರಗಿನದು ಒಳಗೆ ಬಾರದಂತೆ ತಡೆಯುವುದು ಎಂದಷ್ಟೇ ನಾವು ತಿಳಿದಿದ್ದೇವೆ. ನಮ್ಮ ಬೀಜ ಹೊರಗೆ ಹೋಗಲು ಬೇಕಾದ ಅನುಮತಿಯೂ ಅದೇ ಪರೀಕ್ಷೆಯ ಮೇಲೆ ನಿಂತಿದೆ.

ಬ್ಲಾಟರಿನಲ್ಲಿ ಕಾಣುವುದು ಜೀವಂತ ಶಿಲೀಂಧ್ರ ಎಂದು ಆಗ ಹೇಳಿದೆನಲ್ಲ. ಪಿಸಿಆರಿಗೆ ಆ ಭೇದ ಗೊತ್ತಿಲ್ಲ. ಬಿಸಿ ನೀರಿನಲ್ಲಿ ಸತ್ತ ರೋಗಾಣುವಿನ ಡಿಎನ್‌ಎಯನ್ನೂ ಅದು ಇಮ್ಮಡಿಸುತ್ತಾ ಹೋಗುತ್ತದೆ. ಉಪಚಾರ ಮಾಡಿದ, ಬಿತ್ತಿದರೆ ಏನೂ ಆಗದ ಬೀಜಕ್ಕೂ ‘ರೋಗವಿದೆ’ ಎಂದು ವರದಿ ಬರಬಹುದು. ಬೀಜ ಕಂಪನಿಗಳಿಗೂ ಸರ್ಕಾರಗಳಿಗೂ ಇದರ ಬಗ್ಗೆ ಜಗತ್ತಿನೆಲ್ಲೆಡೆ ಜಗ್ಗಾಟ ನಡೆದಿದೆ. ಪಿಸಿಆರಿನಲ್ಲಿ ಬಂದರೆ ಆಮೇಲೆ ಆ ಬೀಜದ ರಸವನ್ನು ತಂಬಾಕಿನ ಜಾತಿಯ ಗಿಡದ ಎಲೆಗೆ ಸವರಿ, ಕಲೆ ಏಳುತ್ತದೆಯೇ ಎಂದು ಕಾದು ನೋಡಿ ತೀರ್ಮಾನಿಸಬೇಕು ಎನ್ನುವುದು ಒಂದು ಪಕ್ಷ. ಸಂಶಯ ಬಂದರೆ ಸಾಕು, ತಡೆಯಬೇಕು ಎನ್ನುವುದು ಇನ್ನೊಂದು ಪಕ್ಷ. ನನ್ನ ಅಭಿಪ್ರಾಯ ಕೇಳಿದರೆ, ದೇಶಕ್ಕೆ ಹೊಸದಾದ ರೋಗದ ವಿಷಯದಲ್ಲಿ ನಾನು ಎರಡನೆಯ ಪಕ್ಷ. ಆಗಲೇ ಇಲ್ಲಿರುವ ರೋಗಕ್ಕೆ ಮಾತ್ರ ಮೊದಲಿನವರ ಮಾತು ನ್ಯಾಯ. ಕಷ್ಟಪಟ್ಟು ಉಪಚಾರ ಮಾಡಿದ ರೈತನ ಬೀಜವನ್ನು ಸತ್ತ ದುಂಡಾಣುವಿನ ಕಾರಣಕ್ಕೆ ತಿರಸ್ಕರಿಸುವುದು ತಪ್ಪು. ಸತ್ತ ಕೋಶಗಳ ಡಿಎನ್‌ಎಯನ್ನು ಮೊದಲೇ ಕಟ್ಟಿಹಾಕುವ ಬಣ್ಣಗಳು ಬಂದಿವೆ. ಬೀಜವನ್ನು ಮೊದಲು ಪೋಷಕ ಮಾಧ್ಯಮದಲ್ಲಿ ಇಟ್ಟು, ಜೀವಂತ ದುಂಡಾಣು ಬೆಳೆದ ಮೇಲೆ ಪಿಸಿಆರ್ ಮಾಡುವ ದಾರಿಯೂ ಇದೆ. ಅಂದರೆ ಹಳೆಯ ತಟ್ಟೆ ಮತ್ತು ಹೊಸ ಯಂತ್ರ ಎರಡೂ ಒಟ್ಟಿಗೆ ಕೆಲಸ ಮಾಡುತ್ತವೆ.

ಇನ್ನು ಶುಂಠಿ. ಸೊರಬ, ಸಾಗರ, ಶಿಕಾರಿಪುರ, ಹೊಸನಗರದಲ್ಲಿ ಶುಂಠಿ ಏನು ಕೊಟ್ಟಿತು, ಏನು ಕಿತ್ತುಕೊಂಡಿತು ಎಂದು ನೀವೇ ನನಗೆ ಹೇಳಬಲ್ಲಿರಿ. ಅದು ಬೀಜದ ಬೆಳೆಯಲ್ಲ, ಗಡ್ಡೆಯ ಬೆಳೆ. ಆದರೂ ಇಂದಿನ ವಿಷಯಕ್ಕೆ ಅದಕ್ಕಿಂತ ಹತ್ತಿರವಾದ ಬೆಳೆ ಮಲೆನಾಡಿನಲ್ಲಿ ಇಲ್ಲ. ಎಲೆ ಹಸಿರಾಗಿರುವಾಗಲೇ ಸುರುಳಿ ಸುತ್ತಿ ಜೋಲುವುದು, ಕೆಲವೇ ದಿನಗಳಲ್ಲಿ ಗಿಡ ಹಳದಿಯಾಗಿ ಬುಡದಲ್ಲೇ ಕಳಚಿ ಬರುವುದು, ಹಿಸುಕಿದರೆ ಹಾಲಿನಂತಹ ದ್ರವ ಒಸರುವುದು: ಇದು ದುಂಡಾಣು ಸೊರಗು ರೋಗ. ಮಾಡುವುದು ರಾಲ್ಸ್ಟೋನಿಯಾ ಎನ್ನುವ ದುಂಡಾಣು. ಬೇರೆ ಬೇರೆ ರಾಜ್ಯಗಳ ಶುಂಠಿಯಿಂದ ಈ ದುಂಡಾಣುವನ್ನು ತೆಗೆದು ಅವುಗಳ ಡಿಎನ್‌ಎ ಹೋಲಿಸಿದಾಗ, ಅಷ್ಟು ದೂರದೂರದವು ತೀರಾ ಹತ್ತಿರದ ಸಂಬಂಧಿಗಳೆಂದು ಕಂಡುಬಂದಿತು. ದುಂಡಾಣು ತಾನಾಗಿ ರಾಜ್ಯ ದಾಟುವುದಿಲ್ಲ, ಬಿತ್ತನೆ ಗಡ್ಡೆ ದಾಟಿಸಿದೆ.

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಹೇಳುತ್ತೇನೆ. ಸೊರಗಿದ ಗಿಡದ ಬುಡವನ್ನೋ ಗಡ್ಡೆಯನ್ನೋ ಶುದ್ಧವಾದ ಚಾಕುವಿನಿಂದ ಓರೆಯಾಗಿ ಕತ್ತರಿಸಿ. ಗಾಜಿನ ಲೋಟದಲ್ಲಿ ತಿಳಿ ನೀರು ತೆಗೆದುಕೊಂಡು, ಕತ್ತರಿಸಿದ ಮೈ ನೀರಿಗೆ ತಾಗುವಂತೆ ಇಳಿಬಿಡಿ. ಅಲುಗಾಡಿಸಬೇಡಿ. ಕೆಲವೇ ನಿಮಿಷಗಳಲ್ಲಿ ಕತ್ತರಿಸಿದ ಜಾಗದಿಂದ ಬಿಳಿಯ ಎಳೆಯೊಂದು ನೀರಿನಲ್ಲಿ ಕೆಳಗಿಳಿಯುತ್ತದೆ. ಅದೆಲ್ಲ ದುಂಡಾಣು. ಶಿಲೀಂಧ್ರದಿಂದ ಬಂದ ಕೊಳೆಯಾದರೆ ಈ ಎಳೆ ಬರುವುದಿಲ್ಲ. ಯಾವ ಔಷಧಿ ದಂಡ, ಯಾವುದು ಉಪಯೋಗ ಎಂದು ಇಷ್ಟರಿಂದಲೇ ಅರ್ಧ ತೀರ್ಮಾನಿಸಬಹುದು.

ಆದರೆ ಈ ಲೋಟ ಹೇಳುವುದು ರೋಗ ಬಂದ ಮೇಲೆ. ಮಾರ್ಚ್ ತಿಂಗಳಿನಲ್ಲಿ ಲಾರಿಯಿಂದ ಇಳಿಯುವ ಗಡ್ಡೆ ಹೊಳೆಯುತ್ತಿರುತ್ತದೆ, ಮೊಳಕೆ ಗಟ್ಟಿಯಾಗಿರುತ್ತದೆ. ಒಳಗೆ ದುಂಡಾಣು ಸ್ವಲ್ಪವೇ ಇದ್ದರೆ ಲೋಟಕ್ಕೆ ಕಾಣುವುದಿಲ್ಲ. 60 ಕೆ.ಜಿ.ಯ ಒಂದು ಚೀಲವನ್ನು 25 ಗ್ರಾಂ ತುಂಡು ಮಾಡಿದರೆ 2400 ತುಂಡು. ಸಾವಿರಕ್ಕೊಂದು ಎಂದರೂ ಚೀಲಕ್ಕೆ ಎರಡು. ಇಳಿಜಾರಿನ ಏರುಮಡಿಯ ಮೇಲ್ತುದಿಯಲ್ಲಿ ಆ ಎರಡರಲ್ಲಿ ಒಂದು ಬಿದ್ದರೆ ಉಳಿದ ಕೆಲಸವನ್ನು ಬಸಿಗಾಲುವೆಯ ನೀರು ಮಾಡುತ್ತದೆ. ಆ ನೆಲದಲ್ಲಿ ದುಂಡಾಣು ವರ್ಷಗಟ್ಟಲೆ ಉಳಿಯುತ್ತದೆ. ಶುಂಠಿಗೆ ಗುತ್ತಿಗೆ ಪಡೆದವರು ಮುಂದಿನ ವರ್ಷ ಬೇರೆ ಜಾಗ ಹುಡುಕಿಕೊಂಡು ಹೋಗುತ್ತಾರೆ. ಜಮೀನು ಇಲ್ಲೇ ಉಳಿಯುತ್ತದೆ.

ಗಡ್ಡೆಯಲ್ಲಿ, ಮಣ್ಣಿನಲ್ಲಿ ಈ ದುಂಡಾಣುವನ್ನು ಹಿಡಿಯುವ ಲ್ಯಾಂಪ್ ಪರೀಕ್ಷೆಯನ್ನು ಕೋಯಿಕ್ಕೋಡಿನ ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ರೂಪಿಸಿದ್ದಾರೆ. ಲ್ಯಾಂಪ್ ಎಂದರೆ ಜಪಾನಿನಲ್ಲಿ 2000ದ ಸುಮಾರಿಗೆ ಬಂದ ವಿಧಾನ. ಪಿಸಿಆರಿನಂತೆ ಉಷ್ಣತೆಯನ್ನು ಏರಿಸಿ ಇಳಿಸುವ ಯಂತ್ರ ಬೇಕಿಲ್ಲ. 60ರಿಂದ 65 ಡಿಗ್ರಿಯ ನಡುವೆ ಒಂದೇ ಉಷ್ಣತೆಯಲ್ಲಿ ಒಂದು ಗಂಟೆ ಇಟ್ಟರಾಯಿತು. ನಾಲ್ಕರಿಂದ ಆರು ಪ್ರೈಮರ್‌ಗಳು ಒಂದೇ ಸಲ ಹೊಂದಬೇಕಾದ್ದರಿಂದ ಅನ್ಯ ದುಂಡಾಣುವಿಗೆ ಮೋಸಹೋಗುವುದು ಕಡಿಮೆ. ಬಣ್ಣ ಬೆರೆಸಿದ್ದರೆ ನೇರಳೆಯಿದ್ದ ಕೊಳವೆ ಆಕಾಶ ನೀಲಿಗೆ ತಿರುಗುತ್ತದೆ; ಬರಿಗಣ್ಣಿನಿಂದ ನೋಡಬಹುದು. ಇದನ್ನು ಮಾಡಲು ದೆಹಲಿಗೋ ಬೆಂಗಳೂರಿಗೋ ಹೋಗಬೇಕಾಗಿಲ್ಲ. ತಾಲ್ಲೂಕು ಕೇಂದ್ರದ ಒಂದು ಶುಚಿಯಾದ ಕೋಣೆ, ತರಬೇತಿ ಪಡೆದ ಇಬ್ಬರು, ಎಡೆಬಿಡದ ವಿದ್ಯುತ್ತು, ಕಿಣ್ವ ಇಡಲು ಒಂದು ಫ್ರೀಜರ್ ಸಾಕು.

ಹಾಗಿದ್ದರೆ ಯಾಕೆ ನಡೆಯುತ್ತಿಲ್ಲ? ನಮ್ಮ ಕಾವಲೆಲ್ಲ ಬಂದರಿನಲ್ಲಿದೆ. ದೇಶದ ಒಳಗೆ ರಾಜ್ಯದಿಂದ ರಾಜ್ಯಕ್ಕೆ ಸಾಗಣೆಯನ್ನು ತಡೆಯುವ ಅಧಿಕಾರವೂ ಅದೇ 1914ರ ಕಾಯ್ದೆಯಲ್ಲಿದೆ. ಆದರೆ ಆ ಪಟ್ಟಿಯಲ್ಲಿರುವುದು ಆಲೂಗಡ್ಡೆಯ ನರಹುಲಿ ರೋಗ, ಸೇಬಿನ ಕಜ್ಜಿ, ಕಾಫಿ ಕಾಯಿಕೊರಕ, ಬಾಳೆಯ ತುದಿ ಗೊಂಚಲಾಗುವ ನಂಜುರೋಗದಂತಹ ಕೆಲವೇ ಪೀಡೆಗಳು. ಆ ಬಾಳೆಯ ರೋಗ 1940ರಲ್ಲಿ ಶ್ರೀಲಂಕಾದಿಂದ ಕೇರಳಕ್ಕೆ ಕಂದುಗಳ ಜೊತೆ ಬಂದದ್ದು. ಶುಂಠಿಯ ಸೊರಗು ರೋಗ ಪಟ್ಟಿಯಲ್ಲಿಲ್ಲ. ಪಟ್ಟಿಯಲ್ಲಿರುವುದಕ್ಕೂ ಘಾಟಿಯ ತಪಾಸಣಾ ಠಾಣೆಯಲ್ಲಿ ಲಾರಿ ನಿಲ್ಲಿಸಿ ಸಸಿ ನೋಡುವುದನ್ನು ನಾನು ಕಂಡಿಲ್ಲ. ಭತ್ತದ ಬೀಜದ ಚೀಲದ ಲೇಬಲ್ಲಿನ ಮೇಲೆ ಮೊಳಕೆ ಪ್ರಮಾಣ 80, ಶುದ್ಧತೆ 98 ಎಂದು ಇರುತ್ತದೆ. ಬೀಜದ ಆರೋಗ್ಯ ಪರೀಕ್ಷೆಯ ಫಲಿತಾಂಶಕ್ಕೆ ಅಲ್ಲಿ ಸಾಮಾನ್ಯವಾಗಿ ಒಂದು ಸಾಲೂ ಇರುವುದಿಲ್ಲ. ಆ ಸಾಲು ಬರಬೇಕು ಎಂದು ಕೇಳುವ ಹಕ್ಕು ದುಡ್ಡು ಕೊಡುವ ನಮಗಿದೆ, ನಾವು ಕೇಳುತ್ತಿಲ್ಲ.

ಮೊಬೈಲಿನಲ್ಲಿ ತರಿಸುವ ಬೀಜದ ಬಗ್ಗೆ ಎರಡೇ ಮಾತು. 2020ರಲ್ಲಿ ಯಾರೂ ಕೇಳದ ಬೀಜದ ಪೊಟ್ಟಣಗಳು ಹಲವು ದೇಶಗಳ ಜನರ ಮನೆಗೆ ಅಂಚೆಯಲ್ಲಿ ಬಂದವು. ನಮ್ಮ ಕೃಷಿ ಸಚಿವಾಲಯವೂ ಎಚ್ಚರಿಕೆ ಕೊಟ್ಟಿತು. ಹೊರದೇಶದ ಹಣ್ಣಿನ, ಹೂವಿನ ಬೀಜ ತರಿಸುವ ಆಸೆ ನಮ್ಮ ಯುವಕರಲ್ಲಿ ಹೆಚ್ಚುತ್ತಿದೆ. ಪರವಾನಗಿ ಮತ್ತು ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದೆ ಬಂದ ಬೀಜವನ್ನು ದಯವಿಟ್ಟು ನೆಡಬೇಡಿ, ಕಸದ ಗುಂಡಿಗೂ ಹಾಕಬೇಡಿ. ಕೃಷಿ ಅಥವಾ ತೋಟಗಾರಿಕೆ ಇಲಾಖೆಗೆ ಒಪ್ಪಿಸಿ.

ಇನ್ನು ಪ್ರಶ್ನೆಗಳು.

ಹೊಸನಗರದ ಕಡೆಯ ಕೃಷಿಕರೊಬ್ಬರು, “ಇಷ್ಟೆಲ್ಲ ಪರೀಕ್ಷೆ ಒಬ್ಬ ರೈತನ ಕೈಯಲ್ಲಿ ಆಗುತ್ತದೆಯೇ ಸರ್? ನಾನು ತರುವುದು ಹತ್ತು ಚೀಲ” ಎಂದು ಕೇಳಿದರು.

ಒಬ್ಬರ ಕೈಯಲ್ಲಿ ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಒಂದೇ ಕಡೆಯಿಂದ ಬೀಜ ತರುವ ಮೂವತ್ತು ನಲವತ್ತು ಮನೆಯವರು ನಿಮ್ಮ ಸೊಸೈಟಿಯ ಮೂಲಕ ಒಟ್ಟಿಗೆ ತರಿಸಿ. ಆಗ ಪರೀಕ್ಷೆ ಚೀಲಕ್ಕೆ ಒಂದಲ್ಲ, ರಾಶಿಗೆ ಒಂದು. ವರದಿ ಬರುವವರೆಗೆ ಪೂರ್ತಿ ಹಣ ಕೊಡುವುದಿಲ್ಲ ಎಂದು ವ್ಯಾಪಾರಿಗೆ ಮೊದಲೇ ಹೇಳಿ. ಮಾದರಿಯನ್ನು ಮೇಲಿನ ಒಂದು ಚೀಲದಿಂದ ತೆಗೆಯಬೇಡಿ. ಲಾರಿಯ ಅಡಿ, ನಡು, ಅಂಚು ಎಲ್ಲ ಕಡೆಯಿಂದ ತೆಗೆಯಿರಿ. ವ್ಯಾಪಾರಿ ಆರಿಸಿ ಕೊಟ್ಟ ಗಡ್ಡೆಯನ್ನಂತೂ ತೆಗೆದುಕೊಳ್ಳಲೇಬೇಡಿ. ರೋಗ ಗುರುತಿಸುವ ವಿಷಯದಲ್ಲಿ ಸಂಶಯವಿದ್ದರೆ ನವಿಲೆಯ ಕೃಷಿ ಕಾಲೇಜಿನವರನ್ನೋ ಇರುವಕ್ಕಿಯಲ್ಲಿರುವ ಕೆಳದಿ ಶಿವಪ್ಪ ನಾಯಕ ವಿಶ್ವವಿದ್ಯಾಲಯದ ಸಸ್ಯರೋಗ ತಜ್ಞರನ್ನೋ ಕೇಳಿ. ಬೇಸಿಗೆಯಲ್ಲೇ ಹೋಗಿ, ಗಿಡ ಸೊರಗಿದ ಮೇಲಲ್ಲ.

ಹಳೆಯ ಭತ್ತದ ತಳಿಗಳನ್ನು ಉಳಿಸಿಕೊಂಡು ಬಂದಿರುವ ತಾಯಿಯೊಬ್ಬರು ಹಿಂದಿನ ಸಾಲಿನಿಂದ ಎದ್ದು, “ನಾವು ಬೀಜ ಮೇಳಗಳಲ್ಲಿ ಗಂಧಸಾಲೆ, ರಾಜಮುಡಿ ಅಂತ ಬೀಜ ಕೊಟ್ಟು ತೆಗೆದುಕೊಳ್ಳುತ್ತೇವೆ. ನೀವು ಹೇಳಿದ್ದು ಕೇಳಿದರೆ ಅದೂ ತಪ್ಪು ಅನ್ನಿಸುತ್ತದಲ್ಲ ಸರ್?” ಎಂದರು.

ಖಂಡಿತ ತಪ್ಪಲ್ಲ ಅಮ್ಮ. ನೀವು ಆ ಕೆಲಸ ಮಾಡದೆ ಇದ್ದಿದ್ದರೆ ರೋಗ ತಡೆಯುವ ಎಷ್ಟೋ ತಳಿಗಳು ಇಂದು ಇರುತ್ತಿರಲಿಲ್ಲ, ಆ ಮೇಳಗಳನ್ನು ನಿಲ್ಲಿಸಬೇಡಿ. ಕೊಡುವ ಬೀಜವನ್ನು ತೆನೆ ಹೊರಡುವ ಹೊತ್ತಿನಲ್ಲಿ ನೀವೇ ಗದ್ದೆಯಲ್ಲಿ ನಡೆದು ನೋಡಿ ಆರಿಸಿದ ಗಿಡಗಳಿಂದಲೇ ಕೊಡಿ. ಊದುಬತ್ತಿಯ ಒಂದು ಕಡ್ಡಿ ಕಂಡರೂ ಆ ಗದ್ದೆಯ ಭತ್ತ ಊಟಕ್ಕಿರಲಿ, ಬೀಜಕ್ಕೆ ಬೇಡ. ತಂದ ಬೀಜವನ್ನು ಉಪ್ಪು ನೀರಿನಲ್ಲಿ ಹಾಕಿ ತೇಲಿದ್ದನ್ನು ತೆಗೆದುಹಾಕಿ, ಮುಳುಗಿದ್ದನ್ನು ತೊಳೆದು, ಆಮೇಲೆ ಬಿಸಿ ನೀರಿನ ಉಪಚಾರ ಮಾಡಿ. 54 ಡಿಗ್ರಿಯನ್ನು ಕೈಯಿಂದ ಅಂದಾಜು ಮಾಡಬೇಡಿ, ಒಂದು ಥರ್ಮಾಮೀಟರ್ ಇಟ್ಟುಕೊಳ್ಳಿ. ಹೆಚ್ಚಾದರೆ ಮೊಳಕೆ ಹೋಗುತ್ತದೆ, ಕಡಿಮೆಯಾದರೆ ರೋಗ ಉಳಿಯುತ್ತದೆ. ಹೊಸ ಬೀಜವನ್ನು ಮೊದಲ ವರ್ಷ ಸ್ವಲ್ಪವೇ ಹಾಕಿ. ಅದನ್ನು ಮೇಲಿನ ಗದ್ದೆಯಲ್ಲಿ ಹಾಕಬೇಡಿ, ಅಲ್ಲಿಯ ನೀರು ಉಳಿದ ಗದ್ದೆಗಳಿಗೆಲ್ಲ ಇಳಿಯುತ್ತದೆ. ಎಲ್ಲಕ್ಕಿಂತ ಕೆಳಗಿನ ಗದ್ದೆಯಲ್ಲಿ, ನೀರು ಹಳ್ಳಕ್ಕೆ ಹೋಗುವ ಕಡೆ, ಒಂದು ಸಣ್ಣ ಮಡಿ ಮಾಡಿ ನೆಡಿ. ಅದರ ಕೆಳಗೆ ಬೇರೆಯವರ ಗದ್ದೆ ಇದ್ದರೆ ಮಾತ್ರ ಅವರಿಗೆ ಮೊದಲೇ ಹೇಳಿಬಿಡಿ.